ಬೇರಿಂಗ್ ಆಮದಿಗೆ ಆ್ಯಂಟಿ ಡಂಪಿಂಗ್ ಸುಂಕ ಬೇಕೇ?

ಪರ: ಪಳಗಿದ ಕೈ ಮತ್ತೆ ಸಿಗುವುದಿಲ್ಲ

6203. ಬೇರಿಂಗ್, ಅಂದರೆ ಯಂತ್ರದಲ್ಲಿ ತಿರುಗುವ ದಂಡಕ್ಕೆ ತೊಡಿಸುವ, ಒಳಗೆ ಗುಂಡುಗಳಿರುವ ಉಕ್ಕಿನ ಬಳೆ, ಅದರ ಜೊತೆ ಒಡನಾಡಿದವರಿಗೆಲ್ಲ ಈ ನಂಬರ್ ಗೊತ್ತು. ಒಳಗಿನ ತೂತು 17 ಮಿಲಿಮೀಟರ್, ಹೊರಗಿನ ವ್ಯಾಸ 40, ಅಗಲ 12. ಜಪಾನಿನದಾಗಲಿ, ಜರ್ಮನಿಯದಾಗಲಿ, ಚೀನಾದ್ದಾಗಲಿ, ಅಳತೆ ಒಂದೇ. ಒಂದನ್ನು ಕಿತ್ತು ಇನ್ನೊಂದನ್ನು ಕೂರಿಸಬಹುದು. ಬಳಸುವವರಿಗೆ ಇದು ದೊಡ್ಡ ಅನುಕೂಲ. ಮಾಡುವವರಿಗೆ ಇದೇ ದೊಡ್ಡ ಕಂಟಕ. ಅಳತೆ ಒಂದೇ ಆದ ಮೇಲೆ ಕೊಳ್ಳುವವರು ನೋಡುವುದು ಬೆಲೆ ಮಾತ್ರ, ಅಲ್ವಾ?

ಡಂಪಿಂಗ್ ಅಂದರೆ ಅಗ್ಗವಾಗಿ ಮಾರುವುದು ಅಂತ ತುಂಬಾ ಜನ ತಿಳಿದಿದ್ದಾರೆ. ಹಾಗಲ್ಲ. ಅಗ್ಗವಾಗಿ ಮಾಡಿ ಅಗ್ಗವಾಗಿ ಮಾರಿದರೆ ಯಾರ ತಕರಾರೂ ಇಲ್ಲ. ತನ್ನ ದೇಶದಲ್ಲಿ ಒಂದು ಬೆಲೆಗೆ ಮಾರುವ ಸರಕನ್ನು ಹೊರದೇಶದಲ್ಲಿ ಅದಕ್ಕಿಂತ ಕಡಿಮೆಗೆ ಮಾರುವುದು ಡಂಪಿಂಗ್. ಹಾಗೆ ಬಂದ ಮಾಲಿನ ಮೇಲೆ ಆ ವ್ಯತ್ಯಾಸ ತುಂಬಲು ಹಾಕುವುದೇ ಆ್ಯಂಟಿ ಡಂಪಿಂಗ್ ಸುಂಕ. ದೇಶದೇಶಗಳ ನಡುವಿನ ವ್ಯಾಪಾರಕ್ಕೆ ಮಾಡಿಕೊಂಡ 1947ರ ಗ್ಯಾಟ್ ಒಪ್ಪಂದದ 6ನೇ ವಿಧಿಯಲ್ಲೇ ಇದನ್ನು ಬರೆದಿದ್ದಾರೆ. ಸುಂಕ ಹಾಕಲು ಅಷ್ಟಾದರೂ ಸಾಲದು. ಅದರಿಂದ ಇಲ್ಲಿನ ಕಾರ್ಖಾನೆಗಳಿಗೆ ಪೆಟ್ಟು ಬಿದ್ದಿದೆ, ಆ ಪೆಟ್ಟಿಗೆ ಆಮದೇ ಕಾರಣ ಅಂತ ತನಿಖೆಯಲ್ಲಿ ತೋರಿಸಬೇಕು. 1995ರಿಂದ ಜಾರಿಯಲ್ಲಿರುವ ವಿಶ್ವ ವ್ಯಾಪಾರ ಸಂಸ್ಥೆಯ ಒಪ್ಪಂದದ ಪ್ರಕಾರ ವ್ಯತ್ಯಾಸ ಶೇ 2ಕ್ಕಿಂತ ಕಡಿಮೆ ಇದ್ದರೆ ತನಿಖೆ ಅಲ್ಲಿಗೇ ಮುಗಿಯಿತು. ಸುಂಕಕ್ಕೂ ಐದು ವರ್ಷದ ಗಡುವು ಇದೆ. ಮುಂದುವರಿಸಬೇಕಾದರೆ ಮತ್ತೆ ಪರಿಶೀಲನೆ ಆಗಬೇಕು. ಯಾರೋ ಮಂತ್ರಿಗೆ ಸಿಟ್ಟು ಬಂತು, ಸುಂಕ ಹಾಕಿದರು ಅನ್ನುವಂಥದ್ದಲ್ಲ ಇದು.

ಬೇರಿಂಗಿನಲ್ಲಿ ಡಂಪಿಂಗ್ ಯಾಕೆ ಇಷ್ಟು ನಡೆಯುತ್ತದೆ? ನಾನು ಹದಿನೆಂಟು ವರ್ಷ ಗ್ರೈಂಡಿಂಗ್ ವಿಭಾಗದಲ್ಲಿ ಇದ್ದವನು. ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ. ಈ ಕೆಲಸದಲ್ಲಿ ಹಣವೆಲ್ಲ ಯಂತ್ರದ ಮೇಲೆ ಕೂತಿರುತ್ತದೆ. ಕುಲುಮೆ ಹಗಲೂ ರಾತ್ರಿ ಉರಿಯಬೇಕು. ಗ್ರೈಂಡಿಂಗ್ ಯಂತ್ರ ನಿಂತರೂ ಸಾಲದ ಕಂತು ನಿಲ್ಲುವುದಿಲ್ಲ. ಅದಕ್ಕೇ ದೊಡ್ಡ ಕಂಪನಿಗಳು ಸ್ವಂತ ದೇಶದಲ್ಲಿ ಒಳ್ಳೆ ಬೆಲೆಗೆ ಮಾರಿ ಖರ್ಚೆಲ್ಲ ಗಿಟ್ಟಿಸಿಕೊಳ್ಳುತ್ತವೆ. ಉಳಿದ ಮಾಲನ್ನು ಬರೀ ಉಕ್ಕಿನ ದುಡ್ಡು ಬಂದರೆ ಸಾಕು ಅಂತ ಹೊರಗೆ ತಳ್ಳುತ್ತವೆ. ಅವರಿಗೆ ಅದು ಲಾಭವೇ. ಆ ಮಾಲು ಬಂದು ಬೀಳುವ ಜಾಗದಲ್ಲಿ ಇರುವವನಿಗೆ ಮಾತ್ರ ಬದುಕೇ ಹೋಗುತ್ತದೆ.

ನಮ್ಮ ಲೈನಿನ ಕೆಲಸ ಇನ್ನರ್ ರಿಂಗಿನ ಟ್ರ್ಯಾಕ್ ಗ್ರೈಂಡ್ ಮಾಡುವುದು. ಗುಂಡುಗಳು ಓಡುವ ಆ ಸಣ್ಣ ಕಾಲುವೆ ಇದೆಯಲ್ಲ, ಅದು. ತಲೆಕೂದಲಿನ ದಪ್ಪ ಸುಮಾರು 70 ಮೈಕ್ರಾನ್. ನಾವು ದುಂಡುತನ ಹಿಡಿಯಬೇಕಾದದ್ದು ಎರಡು ಮೂರು ಮೈಕ್ರಾನಿನೊಳಗೆ. ನಮಗೊಬ್ಬರು ಸೆಟ್ಟರ್, ಅಂದರೆ ಯಂತ್ರವನ್ನು ಅಳತೆಗೆ ಹೊಂದಿಸಿ ಕೊಡುವವರು, ಇದ್ದರು. ಎಲ್ಲರೂ ಅವರನ್ನು ಮೇಷ್ಟ್ರೇ ಅಂತ ಕರೆಯುತ್ತಿದ್ದೆವು. ಯಂತ್ರದ ಪಕ್ಕ ನಿಂತು ಎರಡು ನಿಮಿಷ ಕಿವಿಗೊಟ್ಟರೆ ಸಾಕು, 'ವೀಲ್ ಡ್ರೆಸ್ ಮಾಡ್ರಪ್ಪ, ಉಜ್ಜುತ್ತಾ ಇದೆ, ಕಡೀತಾ ಇಲ್ಲ' ಅನ್ನುತ್ತಿದ್ದರು. ಮೊಂಡಾದ ಗ್ರೈಂಡಿಂಗ್ ಚಕ್ರವನ್ನು ಮತ್ತೆ ಹರಿತ ಮಾಡಿ ಅಂತ. ಗೇಜ್ ಇನ್ನೂ ಸರಿಯಾಗೇ ತೋರಿಸುತ್ತಿರುತ್ತಿತ್ತು. ಹತ್ತು ರಿಂಗ್ ಆದ ಮೇಲೆ ಗೇಜೂ ಅವರ ಮಾತನ್ನೇ ಹೇಳುತ್ತಿತ್ತು. ಕೂಲಂಟ್ ನೀರಿನಲ್ಲಿ ನೆನೆದು ನೆನೆದು ಅವರ ಬೆರಳ ತುದಿ ಬೆಳ್ಳಗಾಗಿರುತ್ತಿತ್ತು. ಆ ಬೆರಳನ್ನೇ ಟ್ರ್ಯಾಕ್ ಮೇಲೆ ಒಂದು ಸುತ್ತು ಓಡಿಸಿ, ಕೊನೆಗೆ ನುಣುಪು ಮಾಡುವ ಕಲ್ಲು ಹಿಡಿಯುವ ಮೊದಲೇ, ಈ ರಿಂಗ್ ಸದ್ದು ಮಾಡುತ್ತದೆ ಅಂತ ತೆಗೆದಿಡುತ್ತಿದ್ದರು.

ಒಂದು ದಿನ ನಮ್ಮ ದೊಡ್ಡ ಗಿರಾಕಿಯಿಂದ ಪತ್ರ ಬಂತು. ಹೊರಗಿನಿಂದ ಇಷ್ಟಕ್ಕೆ ಸಿಗುತ್ತಿದೆ, ನೀವು ಕೊಡ್ತೀರಾ ಅಂತ. ಆ ಬೆಲೆ ನಮ್ಮ ಉಕ್ಕು, ಗ್ರೀಸ್, ಪ್ಯಾಕಿಂಗ್ ಈ ಮೂರರ ಖರ್ಚಿಗಿಂತಲೂ ಕಡಿಮೆ ಇತ್ತು. ಕೂಲಿ ಇಲ್ಲ, ಕರೆಂಟಿಲ್ಲ, ಕುಲುಮೆ ಇಲ್ಲ, ಏನೂ ಇಲ್ಲ! ಒಂದೇ ವರ್ಷದಲ್ಲಿ ನಮ್ಮ ಲೈನ್ ಮುಚ್ಚಿದರು. ಯಂತ್ರಗಳಿಗೆ ಎಣ್ಣೆ ಬಳಿದು ಪ್ಲಾಸ್ಟಿಕ್ ಹೊದಿಸಿದೆವು.

ಆಮೇಲೆ ಏನಾಯಿತು ಗೊತ್ತಾ? ಹೊರಗಿನ ಬೆಲೆ ಏರಿತು. ಗಿರಾಕಿ ವಾಪಸ್ ಬಂದರು. ಲೈನ್ ಮತ್ತೆ ಶುರು ಮಾಡಿ ಅಂದರು. ಯಂತ್ರ ಇತ್ತು, ಉಕ್ಕು ಇತ್ತು, ಡ್ರಾಯಿಂಗ್ ಇತ್ತು. ಶೇ 1ರಷ್ಟು ಕಾರ್ಬನ್, ಶೇ 1.5ರಷ್ಟು ಕ್ರೋಮಿಯಂ ಇರುವ ಉಕ್ಕು. ಸುಮಾರು 840 ಡಿಗ್ರಿಗೆ ಕಾಯಿಸು, ಎಣ್ಣೆಯಲ್ಲಿ ಅದ್ದು, ಮತ್ತೆ ಹದ ಮಾಡು. ಪುಸ್ತಕದಲ್ಲಿ ಇರುವುದು ಇಷ್ಟೇ. ಮಾಡಿ ನೋಡಿದರೆ ರಿಜೆಕ್ಟ್ ಮೇಲೆ ರಿಜೆಕ್ಟ್. ಮೇಷ್ಟ್ರನ್ನು ಕರೆಯಲು ನಾನೇ ಅವರ ಮನೆಗೆ ಹೋದೆ. ಐದು ವರ್ಷ ಆಗಿತ್ತು. ಕೈ ನಡುಗುತ್ತದೆ ಕಣಪ್ಪ, ಬರುವುದಿಲ್ಲ ಅಂದರು. ಅವರ ಕೈಕೆಳಗೆ ಕಲಿಯುತ್ತಿದ್ದ ಇಬ್ಬರು ಹುಡುಗರೂ ಬೇರೆ ಕಸುಬು ಹಿಡಿದಿದ್ದರು.

ಬೇರಿಂಗ್ ಇಲ್ಲದಿದ್ದರೆ ಏನೂ ತಿರುಗುವುದಿಲ್ಲ. ಎರಡನೇ ಮಹಾಯುದ್ಧದಲ್ಲಿ ಇದು ಎರಡೂ ಕಡೆಯವರಿಗೆ ಗೊತ್ತಿತ್ತು. 1943ರಲ್ಲಿ ಅಮೆರಿಕದ ವಿಮಾನಗಳು ಜರ್ಮನಿಯ ಶ್ವೈನ್‌ಫುರ್ಟ್ ಮೇಲೆ ಎರಡು ಸಲ ಬಾಂಬ್ ಹಾಕಿದವು. ಕಾರಣ ಅಲ್ಲಿದ್ದ ಬೇರಿಂಗ್ ಕಾರ್ಖಾನೆಗಳು. ಅಕ್ಟೋಬರ್ 14ರ ಒಂದೇ ದಾಳಿಯಲ್ಲಿ 60 ಬಾಂಬರ್‌ಗಳು ಹೋದವು. ಅಷ್ಟು ಬೆಲೆ ತೆತ್ತು ಹೊಡೆಯುವ ವಸ್ತು ಅದು! 1988ರಲ್ಲಿ ಅಮೆರಿಕದ ರಕ್ಷಣಾ ಇಲಾಖೆ ಕೂಡ ತಾನು ಕೊಳ್ಳುವ ಬೇರಿಂಗ್ ಅಮೆರಿಕದಲ್ಲಿ ಇಲ್ಲವೇ ಕೆನಡಾದಲ್ಲೇ ತಯಾರಾಗಬೇಕು ಅಂತ ನಿಯಮ ತಂದಿತು. ಮರುವರ್ಷವೇ ಬಾಲ್ ಬೇರಿಂಗ್ ಮೇಲೆ ಜಪಾನ್, ಜರ್ಮನಿ, ಫ್ರಾನ್ಸ್, ಇಟಲಿ ಮುಂತಾದ ದೇಶಗಳ ವಿರುದ್ಧ ಆ್ಯಂಟಿ ಡಂಪಿಂಗ್ ಸುಂಕ ಬಂತು. ಮುಕ್ತ ವ್ಯಾಪಾರದ ಪಾಠ ಹೇಳುವ ದೇಶವೇ ಹೀಗೆ ಮಾಡಿತು.

ಸುಂಕ ಬೇಡ ಅನ್ನುವವರ ಮಾತು ಒಂದೇ: ಬಳಸುವವರಿಗೆ ಅಗ್ಗವಾಗಿ ಸಿಗಲಿ. ಇವತ್ತು ಅಗ್ಗ, ಸರಿ. ನಾಳೆ? ಇಲ್ಲಿ ಮಾಡುವವರು ಯಾರೂ ಉಳಿಯದಿದ್ದಾಗ ಬೆಲೆ ಹೇಳುವವರು ಯಾರು? ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರೆ ಏನು ಬಂತು? ಪೆಟ್ಟು ಸರಿಹೋಗುವಷ್ಟೇ ಸುಂಕ ಹಾಕಿ, ಅದಕ್ಕಿಂತ ಜಾಸ್ತಿ ಬೇಡ. ಯುರೋಪ್ ಒಕ್ಕೂಟವೂ ಭಾರತವೂ ಹೀಗೆ ಕಡಿಮೆ ಸುಂಕದ ನಿಯಮ ಇಟ್ಟುಕೊಂಡಿವೆ. ಐದು ವರ್ಷ ಸಿಕ್ಕರೆ ಸಾಕು. ಒಬ್ಬ ಹುಡುಗ ಒಳ್ಳೆ ಸೆಟ್ಟರ್ ಆಗಲು ಬೇಕಾಗುವುದೂ ಹೆಚ್ಚುಕಡಿಮೆ ಅಷ್ಟೇ ವರ್ಷ.

ವಿರೋಧ: ಎತ್ತಿಗೆ ಜ್ವರ, ಎಮ್ಮೆಗೆ ಬರೆ

ವಿರೋಧದ ಕಡೆ ಬರೆಯಿರಿ ಅಂತ ನನ್ನನ್ನು ಕೇಳಿದ್ದಾರೆ. ಮೊದಲೇ ಹೇಳಿಬಿಡುತ್ತೇನೆ, ಡಂಪಿಂಗ್ ಅನ್ನುವುದೇ ಸುಳ್ಳು ಅನ್ನುವವಳು ನಾನಲ್ಲ. ಕೆಲವೊಮ್ಮೆ ಸುಂಕ ಬೇಕಾಗಬಹುದು. ಆದರೆ ಬೇರಿಂಗಿನ ಮೇಲಿನ ಸುಂಕ ಇದುವರೆಗೆ ನಡೆದು ಬಂದ ರೀತಿ ನೋಡಿದರೆ ಅದನ್ನು ಒಪ್ಪುವುದು ನನಗೆ ಕಷ್ಟ.

ಮೊದಲು ಲೆಕ್ಕದ ವಿಷಯ. ಒಂದು ಬೇರಿಂಗಿಗೆ ತಯಾರಾದ ದೇಶದಲ್ಲಿ ಬೆಲೆ 100 ಅಂತ ಇಟ್ಟುಕೊಳ್ಳಿ. ಹೊರದೇಶದಲ್ಲಿ ಒಂದನ್ನು 110ಕ್ಕೆ, ಇನ್ನೊಂದನ್ನು 90ಕ್ಕೆ ಮಾರಿದರು. ಸರಾಸರಿ 100. ಡಂಪಿಂಗ್ ಇಲ್ಲ, ಅಲ್ವಾ? ಆದರೆ ಅಮೆರಿಕ ಬಹಳ ಕಾಲ 110ರ ಮಾರಾಟವನ್ನು ಸೊನ್ನೆ ಅಂತ ಬರೆದುಕೊಂಡಿತು. 90ರ ಮಾರಾಟದಲ್ಲಿ ಕಂಡ 10ನ್ನು ಮಾತ್ರ ಹಿಡಿಯಿತು. ಎರಡು ಸೇರಿ ಮಾರಾಟ 200, ಡಂಪಿಂಗ್ 10, ಅಂದರೆ ಶೇ 5. ಇದಕ್ಕೆ ಜೀರೋಯಿಂಗ್ ಅಂತ ಹೆಸರು. ಯುರೋಪ್ ಒಕ್ಕೂಟ ಮತ್ತು ಜಪಾನ್ ಹೂಡಿದ ದಾವೆಗಳಲ್ಲಿ, ಬೇರಿಂಗ್ ಪ್ರಕರಣಗಳೂ ಅದರಲ್ಲಿದ್ದವು, ವಿಶ್ವ ವ್ಯಾಪಾರ ಸಂಸ್ಥೆಯ ಮೇಲ್ಮನವಿ ಮಂಡಳಿ 2006 ಮತ್ತು 2007ರಲ್ಲಿ ಇದು ತಪ್ಪು ಎಂದಿತು. ಸುಂಕದ ವಾರ್ಷಿಕ ಪರಿಶೀಲನೆಗಳಲ್ಲಿ ಅಮೆರಿಕ ಈ ಪದ್ಧತಿ ಬದಲಿಸಿದ್ದು 2012ರಲ್ಲಿ. ನಡುವಿನ ವರ್ಷಗಳಲ್ಲಿ ಹೀಗೆ ಲೆಕ್ಕ ಹಾಕಿದ ಸುಂಕ ಕಟ್ಟಿದವರು ಏನು ಮಾಡಬೇಕಿತ್ತು?

ಚೀನಾದ ಲೆಕ್ಕ ಇನ್ನೂ ವಿಚಿತ್ರ. ಅಲ್ಲಿನದು ಮಾರುಕಟ್ಟೆ ವ್ಯವಸ್ಥೆಯಲ್ಲ ಎಂದು ಅಲ್ಲಿನ ಬೆಲೆಯನ್ನೇ ಅಮೆರಿಕ ನೋಡುವುದಿಲ್ಲ. ಬೇರೊಂದು ದೇಶದ ಬೆಲೆಯಿಂದ ಲೆಕ್ಕ ಕಟ್ಟುತ್ತದೆ. ಗುಂಡಿನ ಬದಲು ಒಂದು ಕಡೆ ಸಣ್ಣಗಾಗುವ ಉರುಳೆಗಳಿರುವ ಟೇಪರ್ ರೋಲರ್ ಬೇರಿಂಗಿನ ಹಲವು ಪರಿಶೀಲನೆಗಳಲ್ಲಿ ಹೀಗೆ ಬಳಸಿದ್ದು ಭಾರತದ ಬೆಲೆಗಳನ್ನು. ಚೀನಾದ ಕಾರ್ಖಾನೆ ಡಂಪ್ ಮಾಡಿತೋ ಇಲ್ಲವೋ ಎಂದು ಭಾರತದ ಉಕ್ಕಿನ ಬೆಲೆ ನೋಡಿ ತೀರ್ಮಾನ ಮಾಡುವುದು ಯಾವ ನ್ಯಾಯ? ಆ ಸುಂಕ ಶುರುವಾದದ್ದು 1987ರಲ್ಲಿ. ಐದು ವರ್ಷದ ಗಡುವು ಬಂದ ಮೇಲೂ ಪರಿಶೀಲನೆ, ಮುಂದುವರಿಕೆ, ಮತ್ತೆ ಪರಿಶೀಲನೆ ಅಂತ ಮೂವತ್ತು ವರ್ಷ ದಾಟಿತು. ಐದು ವರ್ಷ ಸಾಕು ಅನ್ನುವವರು ಇದನ್ನೂ ನೋಡಬೇಕು.

ದುಡ್ಡು ಎಲ್ಲಿಗೆ ಹೋಯಿತು ಅಂತಲೂ ಕೇಳಬೇಕು. 2000ದಲ್ಲಿ ಅಮೆರಿಕ ಬರ್ಡ್ ತಿದ್ದುಪಡಿ ಅಂತ ಒಂದು ಕಾನೂನು ಮಾಡಿತು. ವಸೂಲಾದ ಆ್ಯಂಟಿ ಡಂಪಿಂಗ್ ಸುಂಕವನ್ನು ದೂರು ಕೊಟ್ಟ ಮತ್ತು ದೂರಿಗೆ ಬೆಂಬಲ ಕೊಟ್ಟ ಕಂಪನಿಗಳಿಗೇ ಹಂಚುವ ಕಾನೂನು. ಅತಿ ದೊಡ್ಡ ಪಾಲು ಪಡೆದವರಲ್ಲಿ ಬೇರಿಂಗ್ ತಯಾರಕರಾದ ಟಿಮ್ಕೆನ್ ಇದ್ದರು. ಸ್ವೀಡನ್ನಿನ ಬೇರಿಂಗ್ ಕಂಪನಿ ಎಸ್‌ಕೆಎಫ್‌ಗೂ ಅಮೆರಿಕದಲ್ಲೇ ಕಾರ್ಖಾನೆ ಇತ್ತು, ಅಲ್ಲಿನವರೇ ಕೆಲಸ ಮಾಡುತ್ತಿದ್ದರು. ಆದರೆ ದೂರನ್ನು ವಿರೋಧಿಸಿದ್ದರಿಂದ ಅವರಿಗೆ ಪಾಲಿಲ್ಲ. ಕೋರ್ಟಿಗೆ ಹೋದರೂ 2009ರಲ್ಲಿ ಸೋತರು. ಕಾರ್ಮಿಕರನ್ನು ಉಳಿಸಲು ಸುಂಕ ಅನ್ನುತ್ತಾರಲ್ಲ, ಈ ಕಾರ್ಮಿಕರು ಯಾರ ಲೆಕ್ಕಕ್ಕೆ? ವಿಶ್ವ ವ್ಯಾಪಾರ ಸಂಸ್ಥೆ 2003ರಲ್ಲೇ ಆ ಕಾನೂನು ತಪ್ಪು ಎಂದಿತ್ತು. 2006ರಲ್ಲಿ ಅದನ್ನು ರದ್ದು ಮಾಡಿದರೂ 2007ರ ಸೆಪ್ಟೆಂಬರ್‌ವರೆಗೆ ಬಂದ ಮಾಲಿನ ಸುಂಕ ಹಂಚಿಕೆಗೆ ಉಳಿಯಿತು.

ಸ್ಪರ್ಧೆ ಕಡಿಮೆಯಾದರೆ ತಯಾರಕರು ಹೇಗಿರುತ್ತಾರೆ ಅನ್ನುವುದಕ್ಕೂ ಸಾಕ್ಷಿ ಇದೆ. 2014ರ ಮಾರ್ಚಿನಲ್ಲಿ ಯುರೋಪಿಯನ್ ಕಮಿಷನ್ ವಾಹನಗಳ ಬೇರಿಂಗ್ ಬೆಲೆಯನ್ನು ಒಳಗೊಳಗೇ ಮಾತಾಡಿಕೊಂಡು ನಿಗದಿ ಮಾಡಿದ್ದಕ್ಕೆ ದೊಡ್ಡ ಕಂಪನಿಗಳಿಗೆ 95 ಕೋಟಿ ಯೂರೊಗೂ ಹೆಚ್ಚು ದಂಡ ಹಾಕಿತು. 2004ರಿಂದ 2011ರವರೆಗೆ ಇದು ನಡೆದಿತ್ತು. ಹೊರಗಿನ ಮಾಲಿಗೆ ಬಾಗಿಲು ಹಾಕಿದರೆ ಇಂಥವರ ಕೈಗೇ ಬೀಗದ ಕೈ ಕೊಟ್ಟಂತೆ.

ಕೈ ಕಸುಬು ಹೋಗುತ್ತದೆ ಎನ್ನುವ ಮಾತಿಗೆ ನಾನು ಹೆಚ್ಚು ಹೇಳುವುದಿಲ್ಲ. ಕಸುಬು ಬಲ್ಲವರಿಗೆ ಬೇರೆ ಕಾರ್ಖಾನೆಗಳಲ್ಲೂ ಕೆಲಸ ಇದೆ. ಯಂತ್ರಗಳೂ ಈಗ ಬಹಳ ಮುಂದುವರಿದಿವೆ.

ನಾನು ಗೇರ್‌ಬಾಕ್ಸ್ ಮಾಡುವ ಕಾರ್ಖಾನೆಯಲ್ಲಿ ಖರೀದಿ ವಿಭಾಗದಲ್ಲಿದ್ದೆ. ಒಂದು ಗೇರ್‌ಬಾಕ್ಸಿನೊಳಗೆ ಆರು, ಎಂಟು ಬೇರಿಂಗ್ ಕೂರುತ್ತವೆ. ಸುಂಕ ಬಂದ ತಿಂಗಳು ನನ್ನ ಮೇಜಿನ ಮೇಲೆ ಕೊಟೇಶನ್ನುಗಳ ರಾಶಿ. ಬೇರೆ ಕಡೆಯ ಬೇರಿಂಗ್ ತರೋಣ ಅಂದರೆ ಅದನ್ನು ಗಿರಾಕಿ ಒಪ್ಪಬೇಕು. ಒಪ್ಪಬೇಕಾದರೆ ತಿಂಗಳುಗಟ್ಟಲೆ ಓಡಿಸಿ ಪರೀಕ್ಷೆ ಮಾಡಬೇಕು. ಅಷ್ಟರವರೆಗೆ ಹೆಚ್ಚಿನ ಬೆಲೆ ನಾವೇ ಹೊತ್ತುಕೊಂಡೆವು. ಗಿರಾಕಿ ಒಂದು ಪೈಸೆಯೂ ಜಾಸ್ತಿ ಕೊಡಲು ಒಪ್ಪಲಿಲ್ಲ. ಎರಡನೇ ಶಿಫ್ಟ್ ನಿಲ್ಲಿಸಬೇಕಾಯಿತು. ಆ ಶಿಫ್ಟಿನ ಹುಡುಗಿಯರಿಗೆ ವಿಷಯ ಹೇಳಲು ಮೇಲಿನವರು ನನ್ನನ್ನೇ ಕಳಿಸಿದರು. ಬೇರಿಂಗ್ ಕಾರ್ಖಾನೆ ಉಳಿಸಲು ಸುಂಕ ಹಾಕಿದ್ದಾರೆ ಅಂದೆ. 'ಹಾಗಾದ್ರೆ ನಾವ್ಯಾರಕ್ಕಾ?' ಅಂತ ಒಬ್ಬಳು ಕೇಳಿದಳು. ನನಗೆ ಏನು ಹೇಳಬೇಕೋ ತಿಳಿಯಲಿಲ್ಲ.

ಕೆಲವು ತಿಂಗಳು ಕಳೆದ ಮೇಲೆ ನಮ್ಮ ಗಿರಾಕಿ ನಮ್ಮ ಆರ್ಡರ್ ನಿಲ್ಲಿಸಿ ಹೊರದೇಶದಿಂದ ಪೂರ್ತಿ ಗೇರ್‌ಬಾಕ್ಸನ್ನೇ ತರಿಸಿದರು. ಆ ಸುಂಕ ಇದ್ದದ್ದು ಬಿಡಿ ಬೇರಿಂಗಿಗೆ. ಗೇರ್‌ಬಾಕ್ಸಿನೊಳಗೆ ಕೂತು ಬಂದ ಬೇರಿಂಗಿಗೆ ಸುಂಕ ಇಲ್ಲ. ಒಂದು ಕೆಟ್ಟಿತು ಅಂತ ರಿಪೇರಿಗೆ ನಮ್ಮಲ್ಲಿಗೇ ಕಳಿಸಿದರು. ಕವರ್ ಬಿಚ್ಚಿ, ಎಣ್ಣೆ ಬಸಿದು, ಪುಲ್ಲರ್ ಹಾಕಿ ಶಾಫ್ಟಿನಿಂದ ಬೇರಿಂಗ್ ಎಳೆದು ತೆಗೆದೆವು. ಬಟ್ಟೆಯಲ್ಲಿ ಒರೆಸಿ ಬೆಳಕಿಗೆ ಹಿಡಿದು ನಂಬರ್ ಓದಿದೆ. ನಾನು ಮೊದಲು ತರಿಸುತ್ತಿದ್ದ ಅದೇ ಬೇರಿಂಗ್, ಅದೇ ಕಂಪನಿ, ಅದೇ ದೇಶ.