ಕೊಂದದ್ದೋ, ಉಳಿಸಿದ್ದೋ?
ಹಳೇ ಪುಸ್ತಕದ ಮೇಲೆ ಬಣ್ಣ ಬಳಿಯುವುದು ಅದನ್ನು ಕೊಂದ ಹಾಗೆ ಎಂದಿದ್ದೀರಿ. ಒಪ್ಪಲಾರೆ. ಬ್ರಿಟನ್ನಿನ ಕಲಾವಿದ ಟಾಮ್ ಫಿಲಿಪ್ಸ್ 1966ರಲ್ಲಿ ಬರೀ ಮೂರು ಪೆನ್ಸ್ ಚಿಲ್ಲರೆಗೆ ಕೊಂಡದ್ದು 1892ರ ಒಂದು ಕಾದಂಬರಿ. ಜನ ಅದನ್ನು ಮರೆತೇ ಬಿಟ್ಟಿದ್ದರು. ಅವರು ಪುಟದ ತುಂಬ ಚಿತ್ರ ಬರೆದರು. ಅಲ್ಲಲ್ಲಿ ಕೆಲವೇ ಪದ ಉಳಿಸಿ, ಸಾಲುಗಳ ನಡುವಿನ ಖಾಲಿ ಜಾಗದಲ್ಲೇ ದಾರಿ ಮಾಡಿ ಒಂದಕ್ಕೊಂದು ಕೂಡಿಸಿದರು. ಹೊಸದೇ ಕಥೆ ಹುಟ್ಟಿತು! ಆ ಹೊಸ ಪುಸ್ತಕದ ಕೊನೆಯ ಆವೃತ್ತಿ ಬಂದದ್ದು 2016ರಲ್ಲಿ. ಇವತ್ತು ಆ ಮೂಲ ಕಾದಂಬರಿಯನ್ನು ಯಾರಾದರೂ ಹುಡುಕಿದರೆ ಅದು ಫಿಲಿಪ್ಸ್ ದೆಸೆಯಿಂದಲೇ ಅಲ್ವಾ? ಇನ್ನೊಂದು ಪ್ರತಿಯೇ ಸಿಗದ ಪುಸ್ತಕಕ್ಕೆ ಕತ್ತರಿ ಹಾಕಿದರೆ ನಾನೂ ಜಗಳಕ್ಕೆ ಬರುತ್ತೇನೆ. ಆದರೆ ತೂಕಕ್ಕೆ ಹಾಕುವ ಹಳೇ ಗೈಡುಗಳಿಗೂ ಸುಮ್ನೆ ಅಳುವುದು ಯಾಕೆ?