ಹೆಬ್ಬೆರಳ ನೆರಳಿದ್ದರೆ ಅಸಲಿ ರಜೆ

ಈ ಮಳೆಗಾಲದಲ್ಲೂ ಅದೇ ಆಯಿತು. ರಾತ್ರಿ ಒಂಬತ್ತಕ್ಕೆ, ಮಳೆಗೆ ಶಾಲೆಗಳಿಗೆ ರಜೆ ಎಂದು ಜಿಲ್ಲಾಧಿಕಾರಿಯ ಹೆಸರಿನಲ್ಲಿ ಯಾರೋ ಮಾಡಿದ ಸುಳ್ಳು ಆದೇಶ ವಾಟ್ಸಾಪಿಗೆ ಬಂತು. ಹತ್ತೂವರೆಗೆ ‘ಅದು ಸುಳ್ಳು, ನಂಬಬೇಡಿ’ ಎಂಬ ಸ್ಪಷ್ಟನೆ ಬಂತು. ಬೆಳಿಗ್ಗೆ ಆರೂಮುಕ್ಕಾಲಿಗೆ ನಿಜವಾದ ರಜೆ ಬಂತು. ಅಷ್ಟರಲ್ಲಿ ಶಾಲೆ ವ್ಯಾನು ಅರ್ಧ ದಾರಿ ಸವೆಸಿತ್ತು. ಪುನರ್ವಸು ಮಳೆ ಹಿಡಿದ ಮೇಲೆ ಕೊಡಗಿನಲ್ಲಿ ಆಕಾಶ ನೋಡುವವರು ಯಾರೂ ಇಲ್ಲ, ಎಲ್ಲರೂ ನೋಡುವುದು ವಾಟ್ಸಾಪ್ ಗ್ರೂಪನ್ನೇ.

ಸುಳ್ಳು ಆದೇಶ ಮಾಡುವವನನ್ನು ಒಂದು ವಿಷಯಕ್ಕೆ ಮೆಚ್ಚಲೇಬೇಕು: ಸಮಯಪಾಲನೆ. ಹೋಂವರ್ಕ್ ಬರೆಯಬೇಕೋ ಬೇಡವೋ ಎಂದು ಮಕ್ಕಳು ತೀರ್ಮಾನಿಸುವ ಹೊತ್ತಿಗೆ ಸರಿಯಾಗಿ ಮನೆಮನೆಗೆ ತಲುಪಿಸುತ್ತಾನೆ. ಸಂಬಳವಿಲ್ಲ, ಭತ್ಯೆಯಿಲ್ಲ, ಸರ್ಕಾರಿ ವಾಹನವಿಲ್ಲ. ಸಕಾಲ ಯೋಜನೆಯ ಆಶಯವನ್ನು ಜಿಲ್ಲೆಯಲ್ಲಿ ಅಕ್ಷರಶಃ ಪಾಲಿಸುತ್ತಿರುವವನು ಅವನೊಬ್ಬನೇ ಇರಬೇಕು.

ಅಸಲಿ ಆದೇಶ ಹುಟ್ಟುವ ಬಗೆ ಬೇರೆ. ಕಚೇರಿಯ ಕಂಪ್ಯೂಟರಿನಲ್ಲಿ ಹೋದ ವರ್ಷದ ಫೈಲ್ ತೆರೆದು ದಿನಾಂಕ ತಿದ್ದುತ್ತಾರೆ. ಸುಳ್ಳು ಮಾಡುವವನೂ ಇದನ್ನೇ ಮಾಡುವುದರಿಂದ ಇಲ್ಲಿಯವರೆಗೆ ಇಬ್ಬರದೂ ಒಂದೇ ದಾರಿ. ಆಮೇಲೆ ಪ್ರಿಂಟ್. ಪ್ರಿಂಟಿನ ಮೇಲೆ ಹಸಿರು ಶಾಯಿಯ ಸಹಿ, ಅದರ ಪಕ್ಕ ಅರ್ಧ ಮೂಡಿದ ಗುಂಡು ಸೀಲು. ಆ ಕಾಗದವನ್ನು ಮೇಜಿನ ಮೇಲೆ ಹರಡಿ, ಟ್ಯೂಬ್‌ಲೈಟಿನ ಕೆಳಗೆ ನಿಂತು, ಮೊಬೈಲಿನಲ್ಲಿ ಫೋಟೊ ಹೊಡೆಯುತ್ತಾರೆ. ಎಡಮೂಲೆಯಲ್ಲಿ ಹೆಬ್ಬೆರಳ ನೆರಳು ಬೀಳುತ್ತದೆ. ಬಲಮೂಲೆಯಲ್ಲಿ ‘ಕ್ಯಾಮ್‌ಸ್ಕ್ಯಾನರ್’ ಎಂಬ ಮುದ್ರೆ. ದೇಶದ ಭದ್ರತೆಗೆ ಧಕ್ಕೆ ಎಂದು ಕೇಂದ್ರ ಸರ್ಕಾರ 2020ರ ಜೂನ್ 29ರಂದು ಒಂದೇ ಏಟಿಗೆ ನಿಷೇಧಿಸಿದ 59 ಚೀನೀ ಆ್ಯಪ್‌ಗಳ ಪಟ್ಟಿಯಲ್ಲಿ ಈ ಕ್ಯಾಮ್‌ಸ್ಕ್ಯಾನರೂ ಇತ್ತು. ಟಿಕ್‌ಟಾಕ್ ಹೋಯಿತು, ಇದು ಮಾತ್ರ ಸರ್ಕಾರಿ ಆದೇಶದ ಮೂಲೆಯಲ್ಲಿ ಲಾಂಛನದ ಗತ್ತಿನಿಂದ ಇಂದಿಗೂ ಕೂತಿದೆ. ನಿಷೇಧ ಜಾರಿಗೆ ತರಬೇಕಾದ ಕಚೇರಿಯೇ ನಿಷೇಧಿತ ಆ್ಯಪಿನಲ್ಲಿ ಸುತ್ತೋಲೆ ಕಳಿಸುವುದಾದರೆ, ಚೀನಾ ಗೂಢಚಾರರಿಗೆ ನಮ್ಮ ರಜೆಯ ವಿಷಯ ನಮಗಿಂತ ಮೊದಲೇ ಗೊತ್ತಾಗುತ್ತಿರಬಹುದು. ಅವರಾದರೂ ಒಂದು ಮೆಸೇಜ್ ಹಾಕಬಾರದೇ?

ಇನ್ನು ಒಳಗಿನ ಅಕ್ಷರ. ಜಗತ್ತಿನ ಲಿಪಿಗಳಿಗೆಲ್ಲ ಕಂಪ್ಯೂಟರ್ ಸಂಕೇತ ಕೊಡುವ ಪಟ್ಟಿಯಾದ ಯುನಿಕೋಡ್‌ನಲ್ಲಿ ಕನ್ನಡಕ್ಕೆ, ಅಂದರೆ ಯುನಿಕೋಡ್‌ನಲ್ಲಿ ಜಾಗ ಸಿಕ್ಕಿದ್ದು 1991ರಲ್ಲಿ, ಅದೂ ಮೊದಲ ಆವೃತ್ತಿಯಲ್ಲೇ. ಅದಾಗಿ ಮೂವತ್ತು ವರ್ಷ ದಾಟಿದರೂ ಎಷ್ಟೋ ಕಚೇರಿಗಳಲ್ಲಿ ಟೈಪ್ ಮಾಡುವುದು ನುಡಿ, ಬರಹ ಎಂಬ ತಂತ್ರಾಂಶಗಳ ಹಳೇ ಫಾಂಟಿನಲ್ಲೇ. ಆ ಫಾಂಟಿನಲ್ಲಿ ಕಂಪ್ಯೂಟರಿನ ಮಟ್ಟಿಗೆ ಕನ್ನಡವೇ ಇಲ್ಲ. ಇಂಗ್ಲಿಷ್ ಅಕ್ಷರದ ಸಂಕೇತಗಳ ಮೇಲೆ ಕನ್ನಡದ ತಲೆಕಟ್ಟು, ಕೊಂಬು, ಒತ್ತುಗಳ ಚಿತ್ರ ಅಂಟಿಸಿರುತ್ತಾರೆ, ಅಷ್ಟೇ. ಕಾಪಿ ಮಾಡಿ ಬೇರೆ ಕಡೆ ಪೇಸ್ಟ್ ಮಾಡಿದರೆ ತಲೆ ಮೇಲೆ ಟೋಪಿ, ಬುಡದಲ್ಲಿ ಬಾಲ ಇರುವ ಯುರೋಪಿನ ಅಕ್ಷರಗಳು ಸಾಲಾಗಿ ನಿಲ್ಲುತ್ತವೆ. ಹುಡುಕಿದರೆ ಸಿಗದು. ಕಣ್ಣು ಕಾಣದವರ ಫೋನು ಅದನ್ನು ಓದಿ ಹೇಳದು. ಅದನ್ನೇ ಪ್ರಿಂಟ್ ತೆಗೆದು ಫೋಟೊ ಹೊಡೆದ ಮೇಲಂತೂ ಆ ಟೋಪಿಯೂ ಹೋಗಿ ಬರೀ ಚುಕ್ಕೆಗಳು ಉಳಿಯುತ್ತವೆ.

ಇದನ್ನೇ ಎಸ್ಸೆಮ್ಮೆಸ್ ಮಾಡಿದರೆ? ಲೆಕ್ಕ ಹಾಕಿ ನೋಡೋಣ. ‘ಜುಲೈ 17, ಗುರುವಾರ ಕೊಡಗಿನ ಎಲ್ಲ ಶಾಲೆಗಳಿಗೆ ರಜೆ. ಜಿಲ್ಲಾಧಿಕಾರಿ’. ಗುಣಿತ, ಒತ್ತು, ಖಾಲಿ ಜಾಗ ಎಲ್ಲ ಸೇರಿ ಇದು 56 ಅಕ್ಷರ. ಕನ್ನಡದ ಒಂದು ಎಸ್ಸೆಮ್ಮೆಸ್ಸಿನಲ್ಲಿ 70 ಅಕ್ಷರ ಹಿಡಿಯುತ್ತದೆ. ಅಂದರೆ ಆದೇಶ ಮುಗಿದ ಮೇಲೂ ‘ಜೋಪಾನ’ ಎನ್ನಲು ಜಾಗ ಮಿಕ್ಕಿದೆ. ತೂಕ 112 ಬೈಟ್. ಎಸ್ಸೆಮ್ಮೆಸ್ ಇಂಟರ್ನೆಟ್ಟಿನ ದಾರಿಯಲ್ಲಿ ಬರುವುದಿಲ್ಲ. ಟವರ್ ಮತ್ತು ಫೋನ್ ತಮ್ಮತಮ್ಮೊಳಗೆ ಮಾತಾಡಿಕೊಳ್ಳುವ ಸಣ್ಣ ಹಾದಿಯಲ್ಲೇ ಬರುತ್ತದೆ. ಒಂದು ಕಡ್ಡಿ ಸಿಗ್ನಲ್ ಸಾಕು. ಫೋನ್ ಆಫ್ ಆಗಿದ್ದರೆ ಕಾದಿದ್ದು ಆಮೇಲೆ ಬರುತ್ತದೆ. ಕಳಿಸಿದವರ ಹೆಸರಿನ ಕೊನೆಗೆ, ಸರ್ಕಾರದ್ದಾದರೆ, ‘ಜಿ’ ಎಂಬ ಇಂಗ್ಲಿಷ್ ಅಕ್ಷರ ಇರಬೇಕೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ 2025ರಲ್ಲಿ ನಿಯಮವನ್ನೂ ತಂದಿದೆ. ಸುಳ್ಳು ಮಾಡುವವನಿಗೆ ಆ ಬಾಲ ಅಂಟಿಸುವುದು ಸುಲಭವಲ್ಲ. ನಾವು ಏನು ಕಳಿಸುತ್ತಿದ್ದೇವೆ? ಒಂದೂವರೆ ಎಂಬಿಯ ಪಿಡಿಎಫ್. ಕಾಫಿ ತೋಟದ ಸಿಲ್ವರ್ ಮರಗಳ ನಡುವೆ ಒಂದು ಕಡ್ಡಿ ಸಿಗ್ನಲ್‌ನಲ್ಲಿ ಅದು ಗಿರಗಿರ ತಿರುಗುತ್ತ ತಿರುಗುತ್ತ ರಜೆಯೇ ಮುಗಿದುಹೋಗುತ್ತದೆ.

‘ಹಾಗಾದರೆ ಡಿಜಿಟಲ್ ಸಹಿ ಹಾಕಬಹುದಲ್ಲ’ ಎಂದು ಓದಿಕೊಂಡವರು ಕೇಳುತ್ತಾರೆ. ಹಾಕಬಹುದು. ಅದಕ್ಕೆ ಕಾನೂನಿನ ಮಾನ್ಯತೆ ಸಿಕ್ಕಿದ್ದು 2000ದ ಐಟಿ ಕಾಯ್ದೆಯಲ್ಲಿ. ಆದರೆ ಡಿಜಿಟಲ್ ಸಹಿಯ ಪಿಡಿಎಫ್ ತೆರೆದರೆ ಹಳದಿ ಪ್ರಶ್ನಾರ್ಥಕ ಚಿಹ್ನೆ ಬರುತ್ತದೆ. ಆ ಸಹಿಗೆ ಜಾಮೀನಾಗಿರುವ ಭಾರತ ಸರ್ಕಾರದ ಮೂಲ ಪ್ರಮಾಣಪತ್ರವನ್ನು ಪಿಡಿಎಫ್ ತೆರೆಯುವ ಅಡೋಬಿ ರೀಡರ್ ತಾನಾಗಿ ನಂಬುವುದಿಲ್ಲ. ನಂಬಿಸಲು ಆ ಚಿಹ್ನೆಯ ಮೇಲೆ ಬಲಗುಂಡಿ ಒತ್ತಿ, ಸಹಿ ಪರಿಶೀಲನೆಗೆ ಹೋಗಿ, ಸಹಿಯ ವಿವರ ತೆರೆದು, ಸಹಿದಾರರ ಸರ್ಟಿಫಿಕೇಟ್ ತೋರಿಸಲು ಹೇಳಿ, ಅಲ್ಲಿ ‘ಟ್ರಸ್ಟ್’ ಎಂಬ ಪುಟದಲ್ಲಿ ವಿಶ್ವಾಸದ ಪಟ್ಟಿಗೆ ಸೇರಿಸಿ, ಎರಡು ಸಲ ಓಕೆ ಒತ್ತಿ, ಮತ್ತೆ ಪರಿಶೀಲಿಸಬೇಕು. ಆಗ ಹಸಿರು ಟಿಕ್ಕು. ಇದೂ ಲ್ಯಾಪ್‌ಟಾಪಿನಲ್ಲಿ ಮಾತ್ರ. ಇಷ್ಟೆಲ್ಲ ಮಾಡಿ ಹಸಿರಾದ ಪಿಡಿಎಫನ್ನು ನಾಡಕಚೇರಿಯಿಂದ ತಂದು ಬ್ಯಾಂಕಿಗೆ ಕೊಟ್ಟರೆ, ‘ಪ್ರಿಂಟ್ ಹಾಕಿಸಿ, ಗೆಜೆಟೆಡ್ ಆಫೀಸರ್ ಹತ್ತಿರ ಅಟೆಸ್ಟ್ ಮಾಡಿಸಿ ತನ್ನಿ’ ಎನ್ನುತ್ತಾರೆ. ಡಿಜಿಟಲ್ ಸಹಿ ಇರುವುದು ಫೈಲಿನೊಳಗೆ. ಪ್ರಿಂಟಾದ ಕ್ಷಣವೇ ಅದು ಸತ್ತಿತು. ಸತ್ತ ಸಹಿಗೆ ಜೀವಂತ ಅಧಿಕಾರಿಯ ಸಹಿ ಬೇಕಂತೆ. ನಾವು ಕಂಪ್ಯೂಟರ್ ತಂದಿದ್ದು ಕಾಗದ ಉಳಿಸಲು ಅಂದುಕೊಂಡವರು ಜೆರಾಕ್ಸ್ ಅಂಗಡಿಯವರನ್ನೊಮ್ಮೆ ಕೇಳಿ ನೋಡಿ.

ಹೀಗಿರುವಾಗ ಸುಳ್ಳು ರಜೆಯನ್ನು ಗುರುತಿಸುವ ಹೊಣೆ ಅಪ್ಪ ಅಮ್ಮಂದಿರ ತಲೆಗೆ ಬಿದ್ದಿದೆ. ಮಾಡಬಹುದು, ಕಷ್ಟವಲ್ಲ. ಮೊದಲು ವಾರ ನೋಡಿ. ವರ್ಷಕ್ಕೆ 52 ವಾರ ಆಗಿ ಒಂದು ದಿನ ಮಿಗುವುದರಿಂದ ಅದೇ ತಾರೀಕು ಮರುವರ್ಷ ಒಂದು ದಿನ ಮುಂದೆ ಜರುಗುತ್ತದೆ, ಸೋಮವಾರವಿದ್ದದ್ದು ಮಂಗಳವಾರವಾಗುತ್ತದೆ. ನಡುವೆ ಫೆಬ್ರವರಿ 29 ಬಂದರೆ ಎರಡು. ಹಳೇ ಆದೇಶದಲ್ಲಿ ಇಸವಿ ತಿದ್ದಿದವನು ವಾರ ತಿದ್ದಲು ಮರೆತಿರುತ್ತಾನೆ. ಎರಡನೆಯದು ಅಂಕಿಗಳ ದಪ್ಪ. ತಿದ್ದಿದ ಅಂಕಿ ಅಕ್ಕಪಕ್ಕದ ಅಕ್ಷರಕ್ಕಿಂತ ಚೂಪಾಗಿ ಕಾಣುತ್ತದೆ, ಏಕೆಂದರೆ ಉಳಿದಿದ್ದೆಲ್ಲ ಹತ್ತು ಕೈ ದಾಟಿ ಮಸುಕಾಗಿರುತ್ತದೆ. ಮೂರನೆಯದು ಸಹಿ. ಸಹಿ ಹಾಕಿದ ಸಾಹೇಬರು ವರ್ಗವಾಗಿ ಹೋಗಿ ಎಷ್ಟು ಕಾಲವಾಯಿತು ನೋಡಿ. ನಮ್ಮಲ್ಲಿ ವರ್ಗಾವಣೆ ನಡೆಯುವ ವೇಗಕ್ಕೆ ಈ ಪರೀಕ್ಷೆ ಚೆನ್ನಾಗಿ ಕೆಲಸ ಮಾಡುತ್ತದೆ, ರಾಜಕೀಯದಿಂದ ಆದ ಒಂದೇ ಉಪಕಾರ. ಈಗ ಎಐ ಬಂದಿದೆ, ವಾರವನ್ನೂ ತಿದ್ದುತ್ತದೆ, ಮಸುಕನ್ನೂ ಬರಿಸುತ್ತದೆ. ಹೆಬ್ಬೆರಳ ನೆರಳು ಹಾಕು ಎಂದರೆ ಅದನ್ನೂ ಹಾಕೀತು. ಕೈಯಲ್ಲಿ ಆರು ಬೆರಳಿದ್ದರೆ ಮಾತ್ರ ಸುಳ್ಳು ಎಂದುಕೊಳ್ಳಿ.

ರಾಜಕೀಯ ಅಂದೆ, ಪೋಸ್ಟರ್ ನೆನಪಾಯಿತು. ನಿಜವಾದ ಆದೇಶ ಹೊರಬಿದ್ದ ಐದೇ ನಿಮಿಷಕ್ಕೆ ನಾಯಕರ ಪೋಸ್ಟರ್ ಬರುತ್ತದೆ. ಮುಕ್ಕಾಲು ಭಾಗ ಅವರ ಮುಖ, ಮೇಲೆ ಪಕ್ಷದ ಹಿರಿಯರ ಏಳೆಂಟು ಪುಟ್ಟ ಮುಖಗಳು, ಬುಡದಲ್ಲಿ ಸಣ್ಣಕ್ಷರದಲ್ಲಿ ರಜೆ. ‘ನಮ್ಮ ಮನವಿಗೆ ಸ್ಪಂದಿಸಿ’ ಎಂಬ ಒಕ್ಕಣೆ. ಮಳೆಯೂ ಅವರ ಅನುದಾನದಲ್ಲೇ ಬಂದಿರಬೇಕು. ಎದುರು ಪಕ್ಷದವರು ರಜೆ ತಡವಾಯಿತೆಂದು ಇನ್ನೊಂದು ಪೋಸ್ಟರ್ ಬಿಡುತ್ತಾರೆ. ಈ ಪೋಸ್ಟರ್‌ಗಳಲ್ಲಿ ತಾರೀಕು ಮಾತ್ರ ಇರುವುದಿಲ್ಲ, ‘ನಾಳೆ’ ಎಂದಿರುತ್ತದೆ. ‘ನಾಳೆ’ ಎಂಬ ಪೋಸ್ಟರ್ ವಾಟ್ಸಾಪಿನಲ್ಲಿ ಒಂದು ವಾರ ಓಡಾಡಿದರೆ ಒಂದು ವಾರವೂ ರಜೆ.

ಟಿವಿಯವರನ್ನು ಬಿಟ್ಟರೆ ಪಾಪ ಬಂದೀತು. ಅವರಿಗೆ ಕೊಡಗು ಎಂಬ ಜಿಲ್ಲೆ ಇರುವುದು ಜೂನ್‌ನಿಂದ ಆಗಸ್ಟ್‌ವರೆಗೆ. ಭಾಗಮಂಡಲದಲ್ಲಿ ನೀರು ಏರುವುದು ಪ್ರತಿ ವರ್ಷದ ಸಂಗತಿ. ಕಾವೇರಿ, ಕನ್ನಿಕೆ ಸೇರುವ ತಗ್ಗಿನಲ್ಲಿ ಇನ್ನೇನು ಏರಬೇಕು? ಅದು ‘ಜಲಪ್ರಳಯ’ವಾಗುತ್ತದೆ. 2018ರ ಗುಡ್ಡ ಕುಸಿತದ ವಿಡಿಯೊ ಮತ್ತೆ ಓಡುತ್ತದೆ, ಮೂಲೆಯಲ್ಲಿ ಇರುವೆ ಗಾತ್ರದಲ್ಲಿ ‘ಸಂಗ್ರಹ ಚಿತ್ರ’. ಅತ್ತ ಅದೇ ಜಿಲ್ಲೆಯ ಕುಶಾಲನಗರದಲ್ಲಿ ಬಟ್ಟೆ ಒಣಗುತ್ತಿರುತ್ತದೆ. ಇದರ ನಡುವೆ ಕ್ಯೂಸೆಕ್ಸ್ ಎನ್ನುವಲ್ಲಿ ಟಿಎಂಸಿ ಎಂದುಬಿಡುವ ಚಟ ಬೇರೆ. ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ, ಹರಿವಿನ ಲೆಕ್ಕ. ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ, ನಿಂತ ನೀರಿನ ಲೆಕ್ಕ. 11,574 ಕ್ಯೂಸೆಕ್ ಇಡೀ ದಿನ ಹರಿದರೆ ಒಂದು ಟಿಎಂಸಿ. ಕೊಡಗಿನ ಹಾರಂಗಿ ಅಣೆಕಟ್ಟಿನಲ್ಲಿ ಹಿಡಿಯುವುದೇ ಎಂಟೂವರೆ ಟಿಎಂಸಿ. ‘ಹಾರಂಗಿಯಿಂದ ಹತ್ತು ಸಾವಿರ ಟಿಎಂಸಿ ಬಿಡುಗಡೆ’ ಎಂದು ಒಬ್ಬರು ಕೂಗಿದರೆ ಸಾವಿರಕ್ಕೂ ಹೆಚ್ಚು ಹಾರಂಗಿಗಳನ್ನು ಒಟ್ಟಿಗೆ ಒಡೆದಂತೆ. ಇನ್ನೂರು ಕೆಆರ್‌ಎಸ್ ಕಟ್ಟಿದರೂ ಹಿಡಿಯದು. ತಮಿಳುನಾಡಿನ ಜತೆ ಜಗಳ ಮುಗಿಸಲು ಇದಕ್ಕಿಂತ ಸುಲಭದ ದಾರಿ ಯಾವ ನ್ಯಾಯಮಂಡಳಿಗೂ ಹೊಳೆದಿರಲಿಲ್ಲ.

ನಕ್ಕಿದ್ದು ಸಾಕು. ಬೆಳಿಗ್ಗೆ ಆರೂಮುಕ್ಕಾಲಿಗೆ ಬಂದ ರಜೆ ಯಾರಿಗೆ ತಲುಪಿತು? ತೋಟದ ಕೂಲಿಯವರ ಲೈನ್‌ಮನೆಯ ಮಗು ಅಷ್ಟು ಹೊತ್ತಿಗೆ ಮನೆ ಬಿಟ್ಟಾಗಿರುತ್ತದೆ. ರಾತ್ರಿ ಆನೆ ಬಂದ ದಾರಿಯಲ್ಲಿ, ಉಕ್ಕಿದ ತೋಡಿನ ಮೇಲೆ ಹಾಕಿದ ಅಡಿಕೆ ಮರದ ಪಾಲ ದಾಟಿ, ನೆನೆದು ತೊಪ್ಪೆಯಾಗಿ ಶಾಲೆ ಗೇಟಿಗೆ ಬಂದು ಬೀಗ ನೋಡಿ ವಾಪಸ್ ಅದೇ ಪಾಲ ದಾಟುತ್ತದೆ. ಅಪ್ಪ ಅಮ್ಮ ಕೆಲಸಕ್ಕೆ ಹೋಗಿಯಾಗಿದೆ. ಅವರ ಫೋನಿನಲ್ಲಿ ಕರೆನ್ಸಿ ಇಲ್ಲ, ಎರಡು ದಿನದಿಂದ ಕರೆಂಟೂ ಇಲ್ಲ. ಮಳೆ ಮುನ್ಸೂಚನೆ ಹಿಂದಿನ ಮಧ್ಯಾಹ್ನವೇ ಬಂದಿತ್ತು. ರೆಡ್ ಅಲರ್ಟ್ ಎಂದೇ ಬಂದಿತ್ತು. ಆದರೂ ನಿರ್ಧಾರ ರಾತ್ರಿ ಕಳೆಯುವವರೆಗೆ ಕಾದಿತು. ಸುಳ್ಳು ಹರಡಿದವರ ಮೇಲೆ ಕೇಸ್ ಹಾಕುತ್ತೇವೆ ಎನ್ನುತ್ತಾರೆ, ಹಾಕಲಿ. ನಿಜವನ್ನು ತಡವಾಗಿ ಹರಡಿದವರ ಮೇಲೆ ಯಾವ ಸೆಕ್ಷನ್ನು?

ಕರೆಂಟಿನ ವಿಷಯ ಎತ್ತಿದ್ದಕ್ಕೆ ಹೇಳಬೇಕು. ಮೊಬೈಲ್ ಟವರ್ ನಡೆಯುವುದು 48 ವೋಲ್ಟಿನ ಬ್ಯಾಟರಿ ಸಾಲಿನ ಮೇಲೆ. ಕರೆಂಟ್ ಹೋದರೆ ಬ್ಯಾಟರಿ ಕೆಲವು ಗಂಟೆ, ಆಮೇಲೆ ಜನರೇಟರ್, ಜನರೇಟರಿಗೆ ಡೀಸೆಲ್, ಡೀಸೆಲ್ ಜೀಪಿಗೆ ರಸ್ತೆ. ರಸ್ತೆಗೆ ಮರ ಬಿದ್ದಿದೆ. ಹಳೇ ಲ್ಯಾಂಡ್‌ಲೈನ್ ಹೀಗಿರಲಿಲ್ಲ. ಅದರ ಕರೆಂಟ್ ಎಕ್ಸ್‌ಚೇಂಜಿನ ಬ್ಯಾಟರಿಯಿಂದ ತಾಮ್ರದ ತಂತಿಯಲ್ಲೇ ಮನೆಗೆ ಬರುತ್ತಿತ್ತು. ಮನೆ ಕತ್ತಲಾದರೂ ಫೋನ್ ರಿಂಗಾಗುತ್ತಿತ್ತು. ಈಗ ಫೈಬರ್. ಗಾಜಿನ ಎಳೆಯಲ್ಲಿ ಬೆಳಕು ಹೋಗುತ್ತದೆ, ಕರೆಂಟ್ ಹೋಗುವುದಿಲ್ಲ. ಮನೆಯ ಮೋಡೆಮ್ಮಿಗೆ ಮನೆಯದೇ ಕರೆಂಟ್ ಬೇಕು. ಬೇಕಿದ್ದರೆ 12 ವೋಲ್ಟಿನ ಪುಟ್ಟ ಯುಪಿಎಸ್ ಸಿಗುತ್ತದೆ, ತಂದು ಹಾಕಿ. ಕೊಳ್ಳುವಾಗ ಮೋಡೆಮ್ಮಿನ ಅಡಾಪ್ಟರ್ ಮೇಲೆ ಬರೆದ ವೋಲ್ಟ್, ಆಂಪಿಯರ್ ಎರಡನ್ನೂ ನೋಡಿಕೊಳ್ಳಿ, ಪಿನ್ ಒಂದೇ ಥರ ಇದೆಯೆಂದು ಒಂಬತ್ತು ವೋಲ್ಟಿನದಕ್ಕೆ ಹನ್ನೆರಡು ಚುಚ್ಚಿದರೆ ಮೋಡೆಮ್ಮಿಗೂ ರಜೆ. ಅನಾಹುತವಾದರೆ ಜಿಲ್ಲಾ ಸಹಾಯವಾಣಿ 1077ಕ್ಕೆ ಕರೆ ಮಾಡಿ ಎಂಬ ಫಲಕವಂತೂ ಎಲ್ಲ ಕಡೆ ಇದೆ. ಯಾವುದರಿಂದ ಎಂದು ಬರೆದಿಲ್ಲ.

2023ರ ಅಕ್ಟೋಬರ್ 12ರಂದು ಕರ್ನಾಟಕದ ಮೊಬೈಲುಗಳೆಲ್ಲ ಒಮ್ಮೆಗೇ ಕಿರುಚಿದ್ದು ನೆನಪಿರಬಹುದು. ತುರ್ತು ಸಂದೇಶದ ಪರೀಕ್ಷೆ. ಸೆಲ್ ಬ್ರಾಡ್‌ಕಾಸ್ಟ್ ಎಂಬ ಈ ವಿಧಾನಕ್ಕೆ ನಂಬರ್ ಬೇಡ, ಆ್ಯಪ್ ಬೇಡ. ಬೇಕಾದ ಟವರುಗಳನ್ನಷ್ಟೇ ಆರಿಸಿ, ಅವುಗಳ ಅಡಿಯಲ್ಲಿರುವ ಫೋನುಗಳಿಗೆ ಒಟ್ಟಿಗೆ ಕಳಿಸಬಹುದು. ಗುಡ್ಡ ಬಿರುಕು ಬಿಟ್ಟ ಊರಿಗೆ ಇದಕ್ಕಿಂತ ಒಳ್ಳೆಯದಿಲ್ಲ. ಟವರ್ ಉಸಿರಾಡುತ್ತಿದ್ದರೆ, ಅಷ್ಟೇ. ಗುಡ್ಡ ಜಾರುವ ಮಳೆ ಮೊದಲು ಬೀಳಿಸುವುದೇ ಕರೆಂಟ್ ಕಂಬವನ್ನು.

ಉಳಿಯುವುದು ರೇಡಿಯೊ. ಮಡಿಕೇರಿ ಆಕಾಶವಾಣಿ, 103.1. ಒಂದೇ ಟ್ರಾನ್ಸ್‌ಮಿಟರ್, ಎಷ್ಟು ಜನ ಕೇಳಿದರೂ ಜಾಮ್ ಆಗದು, ಫಾರ್ವರ್ಡ್ ಮಾಡಲು ಬಾರದು, ಪೋಸ್ಟರ್ ಅಂಟಿಸಲು ಜಾಗವಿಲ್ಲ. ಎಷ್ಟೋ ಮೊಬೈಲುಗಳ ಒಳಗೂ ಎಫ್‌ಎಂ ಇರುತ್ತದೆ. ಅದನ್ನು ಮುಚ್ಚಿಡಬೇಡಿ ಎಂದು ಕೇಂದ್ರ ಸರ್ಕಾರ 2023ರ ಏಪ್ರಿಲ್‌ನಲ್ಲಿ ಮೊಬೈಲ್ ತಯಾರಕರಿಗೆ ಸಲಹೆ ಕೊಟ್ಟಿತು, ಆದೇಶವಲ್ಲ. ಮೊಬೈಲ್ ಎಫ್‌ಎಮ್ಮಿಗೆ ಇಯರ್‌ಫೋನಿನ ವೈರೇ ಆಂಟೆನಾ. ವೈರ್ ಚುಚ್ಚುವ ತೂತನ್ನೇ ಕಂಪನಿಗಳು ಕಿತ್ತುಹಾಕಿದ ಮೇಲೆ ಸಲಹೆ ಇಟ್ಟುಕೊಂಡು ಏನು ಮಾಡುವುದು. ಬ್ಯಾಟರಿ ಸೆಲ್ಲಿನ ರೇಡಿಯೊ ಇನ್ನೂ ಅಂಗಡಿಯಲ್ಲಿ ಸಿಗುತ್ತದೆ. ಬೆಟ್ಟದ ಮರೆಯ ಮನೆಗಳಲ್ಲಿ ಗೊರಗೊರ ಎಂದರೆ ಆಂಟೆನಾ ಪೂರ್ತಿ ಎಳೆದು, ಮಡಿಕೇರಿ ದಿಕ್ಕಿನ ಕಿಟಕಿಗೆ ತಂದು, ಅಡ್ಡ ಉದ್ದ ತಿರುಗಿಸಿ ನೋಡಿ. ತಗಡಿನ ಮಾಡಿನ ಕೆಳಗಾದರೆ ಜಗುಲಿಗೆ ತನ್ನಿ. ಅಕ್ಟೋಬರ್ ನಡುವಿನ ಕಾವೇರಿ ಸಂಕ್ರಮಣ ಕಳೆದ ಮೇಲೆ ಸೆಲ್ ತೆಗೆದಿಡಿ, ಒಳಗೇ ಬಿಟ್ಟರೆ ಸೋರಿ ಸ್ಪ್ರಿಂಗಿಗೆ ಹಸಿರು ಕಿಲುಬು ಹಿಡಿಯುತ್ತದೆ. ಹಿಡಿದಿದ್ದರೆ ನಿಂಬೆರಸದಲ್ಲಿ ಅದ್ದಿದ ಹತ್ತಿಯಿಂದ ಉಜ್ಜಿ, ಒಣಬಟ್ಟೆಯಿಂದ ಒರೆಸಿ, ಚೆನ್ನಾಗಿ ಒಣಗಿದ ಮೇಲೆ ಹೊಸ ಸೆಲ್ ಹಾಕಿ.