ಮುಂಗೈ ಮೇಲಿನ 'ಅವ್ವ' ಇನ್ನೂ ಇಳಿದಿಲ್ಲ

ಕಣ್ಣು ಮುಚ್ಚಿ ಬೆರಳಾಡಿಸಿದರೂ ನನ್ನ ಬಲ ಮುಂಗೈ ಮೇಲಿನ ಅಕ್ಷರ ಓದಬಹುದು. 'ಅವ್ವ'. ಅವ್ವ ತೀರಿಕೊಂಡು ವರ್ಷ ತುಂಬಿದ ವಾರ, ಬನಶಂಕರಿ ಜಾತ್ರೆ ಮುಗಿಸಿ ಬಂದು ಬಾಗಲಕೋಟೆಯ ಒಂದು ಟ್ಯಾಟೂ ಅಂಗಡಿಯಲ್ಲಿ ಹಾಕಿಸಿದ್ದು. ಐದು ತಿಂಗಳಾಯಿತು, ಉಬ್ಬು ಹಾಗೇ ಇದೆ.

ಮೊದಮೊದಲು ಎಲ್ಲರಿಗೂ ಉಬ್ಬುತ್ತದೆ, ಅದಕ್ಕೆ ಗಾಬರಿ ಬೇಡ. ಸೂಜಿ ಮೇಲ್ಚರ್ಮ ದಾಟಿ 1ರಿಂದ 2 ಮಿಲಿಮೀಟರ್ ಒಳಗೆ ಶಾಯಿ ಬಿಡುತ್ತದೆ, ಅದೂ ಸಾವಿರಾರು ಸಲ ಚುಚ್ಚಿ. ಮೈಗೆ ಅದು ಗಾಯವೇ. ಬಾವು ಬರುತ್ತದೆ, ಹಕ್ಕಳೆ ಕಟ್ಟುತ್ತದೆ, ಎರಡು ಮೂರು ವಾರಕ್ಕೆ ಉದುರುತ್ತದೆ. ಮೇಲೆ ಮಾಯಿತು ಅನಿಸಿದರೂ ಒಳಪದರ ಮಾಯಲು ಎರಡು ಮೂರು ತಿಂಗಳು ಬೇಕು. ಅಷ್ಟರಲ್ಲಿ ಹಕ್ಕಳೆ ಕಿತ್ತರೆ, ಟೂತ್‌ಪೇಸ್ಟ್ ಮೆತ್ತಿದರೆ, ನಮ್ಮ ಏಪ್ರಿಲ್ ಬಿಸಿಲಿಗೆ ಕೈ ಒಡ್ಡಿದರೆ ಇನ್ನಷ್ಟು ತಡ.

ನನ್ನದು ಇಷ್ಟರಲ್ಲಿ ಮುಗಿಯಲಿಲ್ಲ. ಕಪ್ಪು ಸರಿಯಾಗಿ ಹಿಡಿಯಲಿಲ್ಲ ಅಂತ ಹುಡುಗ ಒಂದೇ ಗೆರೆ ಮೇಲೆ ಮೂರು ಸಲ ಮಷೀನ್ ಓಡಿಸಿದ. ಹಾಗೆ ಮಾಡಿದರೆ ಚರ್ಮ ಹರಿದು ಕಲೆ ಕಟ್ಟುತ್ತದೆ. ಎರಡು ತಿಂಗಳಾದ ಮೇಲೆ ಹೋಗಿ ತೋರಿಸಿದರೆ, 'ಇಳೀತದ ಬಿಡ್ರಿ' ಅಂದ. ಇಳಿಯಲಿಲ್ಲ. 'ಅ' ಅಕ್ಷರದ ಸುರುಳಿ ಗೆರೆ ದಾಟಿ ಪಕ್ಕದ ಚರ್ಮಕ್ಕೂ ಹಬ್ಬತೊಡಗಿತು, ರಾತ್ರಿ ವಿಪರೀತ ತುರಿಕೆ.

ಚರ್ಮದ ಡಾಕ್ಟರು ಕೈ ನೋಡುವ ಮೊದಲೇ ಕೇಳಿದರು: 'ಮನಿಯಾಗ ಯಾರಿಗಾರ ಗಾಯ ಮಾದ ಮ್ಯಾಲ ಗಂಟು ಬೆಳದದ?' ಅಕ್ಕನ ಕಿವಿ ನೆನಪಾಯಿತು. ಎರಡನೇ ಸಲ ಚುಚ್ಚಿಸಿದ ಕಡೆ ಕಡಲೆಕಾಳಿನಷ್ಟು ಗಂಟು. ಕೀಲಾಯ್ಡ್. ಗಾಯ ಮುಚ್ಚಲು ಮೈ ಕೊಲಾಜೆನ್ ಅನ್ನುವ ನಾರಿನಂಥ ಪ್ರೋಟೀನ್ ತಯಾರಿಸುತ್ತದೆ, ಕೆಲವರ ಮೈಗೆ ಸಾಕು ಅನ್ನುವುದೇ ಗೊತ್ತಾಗುವುದಿಲ್ಲ. ಉಬ್ಬು ಗೆರೆಯ ಒಳಗೇ ಇದ್ದರೆ ಅದು ಬರೀ ದಪ್ಪ ಕಲೆ, ನಿಧಾನಕ್ಕೆ ತಾನೇ ತಗ್ಗಬಹುದು. ಗೆರೆ ದಾಟಿ ಬೆಳೆದರೆ ತಾನಾಗಿ ಹೋಗುವುದು ಕಡಿಮೆ. ನಮ್ಮಂಥ ಕಪ್ಪು ಮೈಬಣ್ಣದವರಿಗೆ ಇದು ಹೆಚ್ಚು. ಎದೆ, ಭುಜ, ಕಿವಿಯ ಹಾಲೆಯಲ್ಲಿ ಇನ್ನೂ ಹೆಚ್ಚು. ಬರೀ ಕತ್ತರಿಸಿ ತೆಗೆಸಿದರೆ ಮೊದಲಿಗಿಂತ ದೊಡ್ಡದಾಗಿ ಮರಳಬಹುದು.

ನನ್ನ ಸಿಟ್ಟು ಇರುವುದು ಇಲ್ಲೇ. ಅಂಗಡಿಯಲ್ಲಿ ಹೆಸರು, ಫೋನ್ ನಂಬರ್ ಬರೆಸಿಕೊಂಡರು, ಅಡ್ವಾನ್ಸ್ ತಗೊಂಡರು. ಈ ಒಂದು ಪ್ರಶ್ನೆ ಕೇಳಲಿಲ್ಲ. ಕೇಳಿದ್ದರೆ ಅಕ್ಕನ ಕಿವಿಯ ಮಾತು ಹೇಳುತ್ತಿದ್ದೆ, ಬಹುಶಃ ಹಾಕಿಸಿಕೊಳ್ಳುತ್ತಲೇ ಇರಲಿಲ್ಲ. ಸೂಜಿ ಹಿಡಿಯುವ ಪ್ರತಿಯೊಬ್ಬರೂ ಇದನ್ನು ಕೇಳಲೇಬೇಕು. ಅವರು ಕೇಳದಿದ್ದರೆ ನೀವೇ ಮೊದಲು ಹೇಳಿ.

ಎಲ್ಲ ಉಬ್ಬೂ ಕೀಲಾಯ್ಡ್ ಅಲ್ಲ. ಕೆಂಪು ಬಣ್ಣ ಇರುವಲ್ಲಿ ಮಾತ್ರ ಎದ್ದು ತುರಿಸಿದರೆ ಅದು ಬಣ್ಣದ ಅಲರ್ಜಿ ಇರಬಹುದು, ತಿಂಗಳುಗಟ್ಟಲೆ ಬಿಟ್ಟೂ ಬರುತ್ತದೆ. ಮುಟ್ಟಿದರೆ ಬಿಸಿ, ಕೀವು, ಹರಡುವ ಕೆಂಪು, ಜ್ವರ ಇದ್ದರೆ ಸೋಂಕು, ಅವತ್ತೇ ಡಾಕ್ಟರ ಹತ್ತಿರ ಹೋಗಿ. ಶಾಯಿಗೆ ನಲ್ಲಿ ನೀರು ಬೆರೆಸಿದ್ದರೆ ವಾರಗಳ ನಂತರ ಸಣ್ಣ ಗುಳ್ಳೆ ಏಳುವುದೂ ಉಂಟು.

ಮೊನ್ನೆ ಊರಿಗೆ ಹೋದಾಗ ಅಜ್ಜಿಯ ಕೈ ಹಿಡಿದು ನೋಡಿದೆ. ಚೇಳು, ತುಳಸಿಕಟ್ಟೆ, ಸುತ್ತ ಚುಕ್ಕೆ. ಹಸಿರುಗಟ್ಟಿದ ಹಣಚಿಬೊಟ್ಟು, ಅಂದರೆ ಹಳೇ ಕಾಲದ ಹಚ್ಚೆ; ಬೆರಳಿಗೆ ಏನೂ ಹತ್ತುವುದಿಲ್ಲ, ಬರೀ ನುಣುಪು ಸುಕ್ಕು. ಅಜ್ಜಿ ನನ್ನ ಕೈ ಮೇಲೆ ಹೆಬ್ಬೆರಳು ಆಡಿಸಿ, 'ನೋಯ್ತದೇನ ತಮ್ಮಾ?' ಅಂದಳು.

ತಿಂಗಳಿಗೊಮ್ಮೆ ಗಂಟಿನೊಳಗೇ ಸ್ಟೀರಾಯ್ಡ್ ಇಂಜೆಕ್ಷನ್, ಮೇಲೆ ಸಿಲಿಕೋನ್ ಪಟ್ಟಿ. ಮೂರು ಆಗಿವೆ. 'ವ್ವ' ಸ್ವಲ್ಪ ತಗ್ಗಿದೆ. 'ಅ' ಇನ್ನೂ ಜಗ್ಗಿಲ್ಲ.